ಒಳಕಲ್ಲು ಅವರದು, ಗುಂಡು ನಮ್ಮದು

ಅಂಗಳದ ನಡುವೆ ಗೋಡೆ ಎದ್ದ ದಿನ
ಒಳಕಲ್ಲು ಆ ಕಡೆ ಉಳಿಯಿತು, ನೆಲದಲ್ಲಿ ಹುಗಿದದ್ದು.
ಗುಂಡನ್ನು ಅಂದು ತೊಳೆದು
ನಮ್ಮ ಬಾಗಿಲ ಹತ್ತಿರ ಒಣಗಲು ಇಟ್ಟಿದ್ದೆ,
ಅದು ನಮ್ಮ ಪಾಲಿಗೆ ಬಂತು.
ಪಂಚರು ಇದನ್ನು ಕಾಗದದಲ್ಲಿ ಬರೆಯಲಿಲ್ಲ.

ಹನ್ನೊಂದು ತಿಂಗಳು ಗೋಡೆ ಬರಿಮೈಯಲ್ಲಿ ನಿಂತಿತ್ತು.
ಸಿಮೆಂಟಿನಲ್ಲಿ ಥಾಪಿಯ ಗೀರು,
ಮೇಸ್ತ್ರಿ ಅಂಗೈ ಊರಿದ ಅಚ್ಚು ಒಂದು.
ಬೀದರಿನ ಅಂಗಡಿಯಲ್ಲಿ ಬಣ್ಣದ ಡಬ್ಬಿಯ ಬೆಲೆ ಕೇಳಿ
ಚೀಲದ ಹಿಡಿಕೆ ತಿರುಚುತ್ತ ಹೊರಗೆ ಬಂದೆ.

ಓಣಿಯಲ್ಲಿ ಮೈನೋದ್ದಿನ್ ಸಾಬರು
ಪಾಯಖಾನೆಗೆ ಗುಂಡಿ ತೋಡಿಸುತ್ತಿದ್ದರು.
ಮೊಳಕ್ಕೊಂದು ಬಣ್ಣ ಮೇಲೆ ಬರುತ್ತಿತ್ತು.
ಮೊದಲು ಒಣಗಿದ ನೆತ್ತರಿನ ಕೆಂಪು,
ಆಮೇಲೆ ಮುರುಮಿನ ಸಂದಿಯಲ್ಲಿ ಎಳೆ ಎಳೆ ಹಳದಿ,
ಅದರ ಕೆಳಗೆ ಹಸುಗೂಸಿನ ಅಂಗಾಲಿನ ಬಣ್ಣ,
ಅದಕ್ಕೆ ಹೆಸರಿಲ್ಲ.
"ಒಯ್ರಿ ಅಕ್ಕಾ, ಮಣ್ಣಿಗ್ಯಾಕ ಇಲ್ಲಂತೀನಿ."
ಮೂರು ಬುಟ್ಟಿ ಹೊತ್ತು ತಂದೆ.

ಹರಿದ ಸೀರೆಯಲ್ಲಿ ಸೋಸಿ, ನೀರಲ್ಲಿ ಕಲಸಿ ಬಳಿದೆ.
ಒಣಗಿದ ಮೇಲೆ ಬೆನ್ನು ಆನಿಸಿದ ಬಂಡೆಪ್ಪ
ಅಂಗಿ ತುಂಬ ಗೋಡೆ ಹೊತ್ತು ಕೆಲಸಕ್ಕೆ ಹೋದ.
ಹಳದಿ ಬೇಕೆಂದು ಅರಿಶಿನಕ್ಕೆ
ಎಲೆ ಡಬ್ಬಿಯ ಸುಣ್ಣ ಹಾಕಿದೆ,
ಸಿಟ್ಟು ಬಂದವರ ಹಾಗೆ ಗಪ್ಪನೆ ಕೆಂಪಾಯಿತು.
ಮೂರು ಬಿಸಿಲಿಗೆ ಆ ಸಿಟ್ಟೂ ಬಿಳಚಿತು.
ಜೋಳದ ಗಂಜಿ ಬೆರೆಸಿದೆ. ಇರುವೆಗಳಿಗೆ ಹಬ್ಬ.

ಮೊನ್ನೆ ಮುಂಜಾನೆ ಹಾಲು ಒಡೆಯಿತು.
ಮನೆ ಒಡೆದ ವರ್ಷ ಹಾಲೂ ಒಡೆಯಬೇಕೆ ಅಂತ
ಬೋಗಾಣಿ ಎತ್ತಿ ಬಚ್ಚಲ ಕಡೆ ಹೊರಟೆ.
ಹುಳಿ ವಾಸನೆ ಗೋಡೆ ಹತ್ತಿ ಆ ಕಡೆ ಇಳಿದಿರಬೇಕು.
"ಚೆಲ್ಲಬ್ಯಾಡ," ಅಂತು ಗೋಡೆ.

ಸುಗಲಾಬಾಯಿ. ನನ್ನ ನೆಗೆಣ್ಣಿ.
ಹನ್ನೊಂದು ತಿಂಗಳಲ್ಲಿ ಮೊದಲ ಮಾತು,
ಅದೂ ನನಗಲ್ಲ, ಹಾಲಿಗೆ ಹೇಳಿದ ಹಾಗೆ.

"ಅರಿವ್ಯಾಗ ಸೋಸು. ನೀರು ಪೂರಾ ಹಿಂಡು.
ಆ ಗಟ್ಟಿಗಿ ಸುಣ್ಣ ಕಲಸು. ಎಲಿ ಡಬ್ಬಿದಲ್ಲ, ಕಲ್ಲುಸುಣ್ಣ.
ನನ್ನ ಹಂತ್ಯಾಕ ಒಂದು ಗಡಿಗಿ ಅದ,
ದೀಪಾವಳಿಗಿ ನೆನಿಸಿಟ್ಟಿದ್ದು.
ಅಂಟಾಗ್ತದ. ನಮ್ಮವ್ವ ಕಲ್ಯಾಣದಾಗ ಹಿಂಗೇ ಮಾಡ್ತಿದ್ದಳು.
ಮಣ್ಣು ಮಾತ್ರ ನುಣ್ಣಗ ಅರೀಬೇಕು."

ಅರೀಬೇಕು.
ನನ್ನ ಬಳಿ ಗುಂಡು ಇತ್ತು,
ಗಾಳಿಗೆ ಬಾಗಿಲು ಬಡಿಯದಂತೆ ತಡೆಯುವುದು ಅದರ ಕೆಲಸ.
ಅವಳ ಬಳಿ ಕಲ್ಲು ಇತ್ತು,
ಕುಳಿಯಲ್ಲಿ ನೀರು ನಿಂತು ಗುಬ್ಬಿ ಮೀಯುತ್ತಿತ್ತಂತೆ.
ಇಬ್ಬರೂ ಸುಮ್ಮನಾದೆವು.
ಆ ಕಡೆ ಯಾರೋ ಕೆಮ್ಮಿದರು, ಧೂಳಪ್ಪ ಭಾವ ಇರಬೇಕು,
ಕೆಮ್ಮಿ ಹೊರಗೆ ಹೋದರು.

ಗೋಡೆಯ ಬುಡದಲ್ಲಿ ಮಳೆನೀರಿಗೆ ಬಿಟ್ಟ ಕಿಂಡಿ.
ಕುಕ್ಕರುಗಾಲಲ್ಲಿ ಕೂತು ಎರಡೂ ಕೈಯಿಂದ ಗುಂಡು ಉರುಳಿಸಿದೆ.
ಸಿಕ್ಕಿಕೊಂಡಿತು. ಕಾಲಿನಿಂದ ನೂಕಿದೆ.
ಹಿಂದೆಯೇ ಮಣ್ಣಿನ ಬುಟ್ಟಿ, ಗೋಡೆಯ ಮೇಲಿಂದ.
ಬಳೆಯ ಕೈಯೊಂದು ಹಿಡಿಯಿತು.

ಆಮೇಲೆ ಆ ಸದ್ದು, ಗರ್ರ್ ಗರ್ರ್.
ಒಂದೇ ಒಲೆಯ ಕಾಲದಲ್ಲಿ
ನಾನು ಗುಂಡು ತಿರುವುತ್ತಿದ್ದೆ,
ಅವಳು ಅಂಚು ಸವರಿ ಒಳಗೆ ತಳ್ಳುತ್ತಿದ್ದಳು,
ಒಮ್ಮೆಯೂ ಅವಳ ಬೆರಳು ಸಿಕ್ಕಲಿಲ್ಲ.
ಈಗ ಎರಡೂ ಅವಳೊಬ್ಬಳೇ.

ಈಚಲ ಕಡ್ಡಿ ಜಜ್ಜಿ ಕುಂಚ ಮಾಡಿ ಬಳಿದೆ.
ಸಂಜೆಗೆ ಉಗುರಿನಿಂದ ಕೆರೆದರೆ ಬರಲಿಲ್ಲ.
ಬಂಡೆಪ್ಪ ಬೆನ್ನು ಆನಿಸಿದ,
ತಿರುಗಿ ಅಂಗಿ ನೋಡಿಕೊಂಡ, ಮತ್ತೆ ಆನಿಸಿದ.
ಮೇಸ್ತ್ರಿಯ ಅಂಗೈ ಅಚ್ಚು ಮುಚ್ಚಿಲ್ಲ,
ಕೂಸಿನ ಅಂಗಾಲಿನ ಬಣ್ಣವಾಗಿದೆ ಅಷ್ಟೇ.

ಬೋಗಾಣಿಯಲ್ಲಿ ಅರ್ಧ ಉಳಿದಿತ್ತು.
"ರಾತ್ರಿ ಇಡಬ್ಯಾಡ, ನಾರ್ತದ."
ಎತ್ತಿ ಆ ಕಡೆ ಕೊಟ್ಟೆ.
ಅವರು ಎಷ್ಟು ದೂರ ಬಳಿದರೋ ನೋಡಿಲ್ಲ.

ಮರುದಿನ ಬೋಗಾಣಿ ತೊಳೆದು ಬಂತು.
ಗುಂಡು ಬಂದಿಲ್ಲ, ನಾನೂ ಕೇಳಿಲ್ಲ.
ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತಿದೆ.
ಬಡಿದುಕೊಳ್ಳಲಿ.